ಪಂಪು ಬಿಚ್ಚದೆ ಸರಿಯಾದ ಹಳೆಯ ಡಿಐ ಪಿಕಪ್: ನನ್ನ ಅನುಭವ

ನನ್ನಲ್ಲಿರುವುದು ಮಹೀಂದ್ರಾದ ಹಳೆಯ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಪಿಕಪ್. ಎಂಜಿನ್ 2523 ಸಿಸಿ, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ. ಬೋರ್ 88.9 ಮಿ.ಮೀ., ಸ್ಟ್ರೋಕ್ 101.6 ಮಿ.ಮೀ., ಅಂದರೆ ಮೂರೂವರೆ ಇಂಚು ಮತ್ತು ನಾಲ್ಕು ಇಂಚು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಟ್ರ್ಯಾಕ್ಟರಿನ ವಂಶದ ಎಂಜಿನ್ ಇದೆಂಬುದು ಆ ಅಳತೆಯಲ್ಲೇ ಕಾಣುತ್ತದೆ. ಶಕ್ತಿ ಅರವತ್ತು ಎಚ್‌ಪಿಯ ಆಸುಪಾಸು, ಅದೂ 3200 ಆರ್‌ಪಿಎಂನಲ್ಲಿ. ಓಟಕ್ಕಿಂತ ಎಳೆತಕ್ಕೆ ಹೇಳಿಮಾಡಿಸಿದ್ದು. ಇಂಥ ಗಾಡಿ ಶಿರಾಡಿ ಘಾಟಿಯಲ್ಲಿ, ಗುಂಡ್ಯ ದಾಟಿ ಏರು ಹಿಡಿದ ಮೇಲೆ ಮುಗ್ಗರಿಸಿ ನಿಲ್ಲತೊಡಗಿದಾಗ, ನೋಡಿದ ಮೆಕ್ಯಾನಿಕ್‌ಗಳೆಲ್ಲ ಪಂಪು, ಅಂದರೆ ಡೀಸೆಲನ್ನು ಒತ್ತಡದಲ್ಲಿ ಎಂಜಿನ್‌ಗೆ ಕಳುಹಿಸುವ ಇಂಜೆಕ್ಷನ್ ಪಂಪು, ಹೋಗಿದೆ ಎಂದೇ ತೀರ್ಮಾನಿಸಿದರು.

ಪಂಪು ಬಿಚ್ಚಿ ಕ್ಯಾಲಿಬ್ರೇಶನ್ (ಡೀಸೆಲ್ ಅಳತೆ ಸರಿಪಡಿಸುವುದು) ಮಾಡಿಸಲು ಹದಿನಾಲ್ಕು ಸಾವಿರದಷ್ಟು ಕೇಳಿದರು. ಅದಕ್ಕೂ ಮೊದಲೇ ಡೀಸೆಲ್ ಸಿಂಪಡಿಸುವ ನಾಲ್ಕು ನಾಝಲ್‌ಗಳಿಗೆ ನಾಲ್ಕು ಸಾವಿರ ಚಿಲ್ಲರೆ, ಟ್ಯಾಂಕಿನಿಂದ ಡೀಸೆಲ್ ಎಳೆದು ತರುವ ಹೊಸ ಫೀಡ್ ಪಂಪಿಗೆ ಸಾವಿರದ ಮೇಲೆ, ಮತ್ತೆ ಮತ್ತೆ ಬದಲಿಸಿದ ಫಿಲ್ಟರ್‌ಗಳಿಗೆ ಲೆಕ್ಕವಿಲ್ಲದಷ್ಟು ಹಣ ಹೋಗಿತ್ತು. ಪ್ರತಿ ಸಲವೂ ಗಾಡಿ ಎರಡು ದಿನ ಚೆನ್ನಾಗಿ ಓಡಿ ಮತ್ತೆ ಅದೇ ರಾಗ ಹಾಡುತ್ತಿತ್ತು. ಆ ಎರಡು ದಿನಗಳೇ ನನಗೆ ಸುಳಿವು ಕೊಟ್ಟವು. ಗ್ಯಾರೇಜಿನಿಂದ ಹೊರಬಂದ ಕೂಡಲೇ ನಾನು ಟ್ಯಾಂಕ್ ತುಂಬಿಸುತ್ತಿದ್ದೆ, ತೊಂದರೆ ಮರಳುತ್ತಿದ್ದುದು ಮುಳ್ಳು ಅರ್ಧಕ್ಕಿಂತ ಕೆಳಗಿಳಿದ ಮೇಲೆ. ಬೆಳಗಿನ ಸ್ಟಾರ್ಟಿಂಗ್ ಕಷ್ಟವೂ ಹಾಗೆಯೇ, ಟ್ಯಾಂಕ್ ತುಂಬಿದ್ದಾಗ ಇರುತ್ತಿರಲಿಲ್ಲ. ಸವೆದ ಪಂಪು ಟ್ಯಾಂಕಿನ ಮಟ್ಟ ನೋಡಿಕೊಂಡು ಕೈಕೊಡುವುದಿಲ್ಲ ಎಂದು ವಾದಿಸಿದೆ. ಒಪ್ಪಿದವರು ಯಾರೂ ಇಲ್ಲ.

ಆದ್ದರಿಂದ ಪಂಪಿನ ಸೀಲ್ ಮುಟ್ಟದೆ ಪರೀಕ್ಷೆಗೆ ಇಳಿದೆ. ಐದು ಲೀಟರಿನ ಕ್ಯಾನೊಂದನ್ನು ಫೀಡ್ ಪಂಪಿಗಿಂತ ಎತ್ತರದಲ್ಲಿ ಬಿಗಿಯಾಗಿ ಕಟ್ಟಿ, ಹೊಸ ಹೋಸ್‌ನಿಂದ ನೇರ ಸಂಪರ್ಕ ಕೊಟ್ಟು, ಏರ್ ತೆಗೆದು, ಹೇರು ಸಮೇತ ಊರ ಹೊರಗಿನ ದಿಣ್ಣೆ ಹತ್ತಿಸಿದೆ. ಒಂದು ಸಲವೂ ಮುಗ್ಗರಿಸಲಿಲ್ಲ. ಪಂಪು, ನಾಝಲ್, ಟೈಮಿಂಗ್ ಮೂರೂ ಅಲ್ಲಿಗೆ ಖುಲಾಸೆಯಾದವು. ಬಳಿಕ ಮೂಲ ಲೈನನ್ನೇ ಮತ್ತೆ ಜೋಡಿಸಿ, ಫೀಡ್ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಹೋಸ್ ಸೇರಿಸಿದೆ. ಟ್ಯಾಂಕ್ ಅರ್ಧಕ್ಕಿಳಿದಾಗ ಆ ಹೋಸ್‌ನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ರೇಸ್ ಕೊಟ್ಟಂತೆಲ್ಲ ಆ ಸಾಲು ಒತ್ತೊತ್ತಾಗುತ್ತಿತ್ತು. ಹೊರಗೆ ಎಲ್ಲಿಯೂ ಒಂದು ಹನಿ ಡೀಸೆಲ್ ಜಿನುಗಿರಲಿಲ್ಲ. ಹೀರುವ ಬದಿಯಲ್ಲಿ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಡೀಸೆಲ್ ಹೊರಗೆ ಬರುವುದಿಲ್ಲವಾದ್ದರಿಂದ ಬಟ್ಟೆಯಲ್ಲಿ ಒರೆಸಿ ನೋಡಿದವರಿಗೆ ಏನೂ ಸಿಕ್ಕಿರಲಿಲ್ಲ.

ಲೈನಿನ ಜೋಡಣೆಗಳಲ್ಲಿರುವ ಟೊಳ್ಳು ಬೋಲ್ಟ್‌ಗಳ, ಅಂದರೆ ಬ್ಯಾಂಜೊ ಬೋಲ್ಟ್‌ಗಳ, ತಾಮ್ರದ ವಾಷರ್‌ಗಳನ್ನೆಲ್ಲ ಬದಲಿಸಿದಾಗ ಗುಳ್ಳೆ ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ಕೊನೆಗೆ ಟ್ಯಾಂಕಿನೊಳಗಿನ ಸಕ್ಷನ್ ಪೈಪನ್ನೇ ಹೊರತೆಗೆದು, ಒಂದು ತುದಿ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಸೈಕಲ್ ಪಂಪಿನಿಂದ ಗಾಳಿ ಊದಿದೆ. ಪೈಪನ್ನು ಟ್ಯಾಂಕಿಗೆ ಬಿಗಿಯುವ ಮೇಲಿನ ಫ್ಲೇಂಜಿನಿಂದ (ಬಿಲ್ಲೆ) ಐದಾರು ಅಂಗುಲ ಕೆಳಗೆ, ಆಧಾರದ ಪಟ್ಟಿ ಬೆಸುಗೆಯಾದ ಜಾಗದಲ್ಲಿ, ಕೂದಲೆಳೆಯಂಥ ಬಿರುಕಿನಿಂದ ಗುಳ್ಳೆಯೆದ್ದಿತು. ವರ್ಷಗಳ ಅದುರಾಟಕ್ಕೆ ಅಲ್ಲಿ ಲೋಹ ದಣಿದಿತ್ತು. ಡೀಸೆಲ್‌ನಲ್ಲಿ ಮುಳುಗಿದ್ದಷ್ಟು ಹೊತ್ತು ಆ ಬಿರುಕು ಡೀಸೆಲನ್ನೇ ಹೀರುತ್ತದೆ, ಮಟ್ಟ ಇಳಿದು ಬಯಲಾದರೆ ಗಾಳಿಯನ್ನು ಹೀರುತ್ತದೆ. ಘಾಟಿಯ ಏರಿನಲ್ಲಿ ಡೀಸೆಲ್ ಟ್ಯಾಂಕಿನ ಒಂದು ಬದಿಗೆ ಸರಿಯುವುದರಿಂದ ಅದು ಇನ್ನೂ ಬೇಗ ಬಯಲಾಗುತ್ತಿತ್ತು.

ಪೈಪನ್ನು ಟ್ಯಾಂಕಿನಿಂದ ದೂರ ಒಯ್ದು, ತೊಳೆದು ಒಣಗಿಸಿ, ಹಿತ್ತಾಳೆಯ ಬ್ರೇಜಿಂಗ್ ಮಾಡಿಸಿದೆ. ವಾಷರ್, ಹೋಸ್, ಕ್ಲಿಪ್ ಎಲ್ಲ ಸೇರಿ ಐನೂರು ರೂಪಾಯಿ ದಾಟಿರಲಿಕ್ಕಿಲ್ಲ. ಆಧಾರದ ಪಟ್ಟಿಯನ್ನು ಮತ್ತೆ ಬಿರುಕು ಬಿಡದಂತೆ ಹೇಗೆ ಕೂರಿಸಿದೆ, ಹಳೆಯ ಫ್ಲೇಂಜಿಗೆ ಏನು ಹಚ್ಚಿದೆ ಎಂಬ ಎರಡು ಸಂಗತಿಗಳನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಕಷ್ಟಪಟ್ಟು ಕಂಡುಕೊಂಡದ್ದು. ಎರಡು ಮಳೆಗಾಲ ಕಳೆದಿವೆ. ಕಾಲು ಟ್ಯಾಂಕಿನಲ್ಲೂ ಮಾರನಹಳ್ಳಿಯವರೆಗೆ ಒಂದೇ ಉಸಿರಿಗೆ ಹತ್ತುತ್ತದೆ. ಪಂಪು ಬಿಚ್ಚಲೇಬೇಕು ಎಂದಿದ್ದ ಮೆಕ್ಯಾನಿಕ್ ಒಬ್ಬರು ಈಗ ಇಂಥ ಗಾಡಿ ಬಂದರೆ ನನ್ನ ಪಾರದರ್ಶಕ ಹೋಸ್ ಕೇಳಿ ಕಳುಹಿಸುತ್ತಾರೆ.

ಇದರ ನಡುವೆ ಎಂಜಿನ್ ಹೆಚ್ಚು ಬಿಸಿಯಾಗುತ್ತಿದ್ದುದಕ್ಕೂ ಒಂದು ಪ್ರಯೋಗ ಮಾಡಿದೆ. ಎಂಜಿನ್ ಬಿಸಿ ಕಡಿಮೆಯಾಗಲೆಂದು ಹಲವರು ಮಾಡುವಂತೆ ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ) ತೆಗೆದು ಓಡಿಸಿದೆ. ಎಂಜಿನ್ ಕಾಯಲು ತಡವಾಯಿತು, ಬೆಳಗಿನ ಬಿಳಿಹೊಗೆ ಹೆಚ್ಚಿತು, ಮೈಲೇಜು ಲೀಟರಿಗೆ ಒಂದು ಕಿ.ಮೀ.ನಷ್ಟು ಇಳಿಯಿತು, ವಾಪಸು ಹಾಕಿದೆ. ಬಿಸಿಗೆ ಕಾರಣ ರೇಡಿಯೇಟರಿನ ರೆಕ್ಕೆಗಳಲ್ಲಿ ತುಂಬಿದ್ದ ಹುಲ್ಲು ಧೂಳು, ಹಿಂದಿನಿಂದ ನೀರು ಹಾಯಿಸಿದ ಮೇಲೆ ಮುಳ್ಳು ಮಧ್ಯಕ್ಕೆ ಬಂತು.

ಇನ್ನು ಉಳಿದಿರುವುದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಹಿಂದಿರುವ, ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪು. ಅದರ ಸೀಲ್ ಸೋತರೆ ಎಣ್ಣೆ ಆಲ್ಟರ್ನೇಟರಿನೊಳಗೆ ಇಳಿದು ಬ್ರಷ್ ಹಾಳಾಗುತ್ತದೆ, ವ್ಯಾಕ್ಯೂಮ್ ಕಡಿಮೆಯಾದರೆ ಬ್ರೇಕ್ ಪೆಡಲೂ ಗಟ್ಟಿಯಾಗುತ್ತದೆ. ನನ್ನದರಲ್ಲಿ ಈಗಷ್ಟೇ ಒದ್ದೆ ಕಾಣಿಸಿಕೊಂಡಿರುವುದರಿಂದ, ಮುಂದಿನ ಹೇರಿಗೆ ಮೊದಲು ಅದನ್ನು ಬಿಚ್ಚುವವನಿದ್ದೇನೆ.