ಎಂಎಸ್ ಇರುವವರ ದಿನದ ಓಡಾಟ: ಲೆಕ್ಕ ಇಡುವುದು ಹೇಗೆ?

ಆಸ್ಪತ್ರೆಯಲ್ಲಿ 25 ಅಡಿ ನಡೆಸಿ ಸಮಯ ನೋಡುವ ಪರೀಕ್ಷೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಎಂಬ ಮೆದುಳು, ಬೆನ್ನುಹುರಿಯ ನರಗಳ ಕಾಯಿಲೆ ಇರುವ ಅನೇಕರಿಗೆ ಪರಿಚಿತ. ಅಷ್ಟು ದೂರವನ್ನು ಹಟ ಹಿಡಿದು ಚುರುಕಾಗಿ ನಡೆದುಬಿಡಬಹುದು. ಆಮೇಲೆ ದಿನವೆಲ್ಲ ಕುರ್ಚಿ ಬಿಟ್ಟು ಏಳದಿದ್ದರೆ ಅದು ಯಾವ ವರದಿಗೂ ಸೇರುವುದಿಲ್ಲ. ಎಷ್ಟು ನಡೆಯಬಲ್ಲರು ಎಂಬುದು ಬೇರೆ, ನಿಜಕ್ಕೂ ಎಷ್ಟು ನಡೆಯುತ್ತಾರೆ ಎಂಬುದು ಬೇರೆ. ಎರಡನೆಯದನ್ನು ಮನೆಯಲ್ಲೇ ಅಳೆಯಬಹುದು.

ಮೊದಲು ಸಾಧನದ ಆಯ್ಕೆ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಜೇಬಿನಲ್ಲಿರುವ ಮೊಬೈಲ್ ಹೊರಗಿನ ನಡಿಗೆಯನ್ನು ಎಣಿಸುತ್ತದೆ. ಮನೆಯೊಳಗೆ ಅದು ಮೇಜಿನ ಮೇಲೆ ಮಲಗಿರುತ್ತದೆ. ಮಣಿಕಟ್ಟಿನ ಸ್ಮಾರ್ಟ್ ವಾಚ್ ಕೈಬೀಸನ್ನು ನೋಡಿ ಹೆಜ್ಜೆ ಗುರುತಿಸುತ್ತದೆ. ವಾಕರ್ ಹಿಡಿದವರ ಕೈ ಬೀಸುವುದೇ ಇಲ್ಲ, ಹಾಗಾಗಿ ಅವರ ಎಷ್ಟೋ ಹೆಜ್ಜೆಗಳು ಲೆಕ್ಕಕ್ಕೆ ಸಿಗುವುದಿಲ್ಲ. ಸೊಂಟಕ್ಕೆ ಸಿಕ್ಕಿಸುವ ಪೆಡೋಮೀಟರ್ ನಿಧಾನದ, ಕಾಲೆಳೆಯುವ ನಡಿಗೆಯಲ್ಲಿ ಸೋಲುತ್ತದೆ. ಅಂಥವರಿಗೆ ಪಾದದ ಗಂಟಿಗೆ ಕಟ್ಟುವ ಸಾಧನ ಮೇಲು. ಅಂಥ ಕೆಲವು ಸಾಧನಗಳು ಒಂದೇ ಕಾಲಿನ ಹೆಜ್ಜೆ ಎಣಿಸುವುದರಿಂದ ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಬೇಕು.

ಯಾವುದನ್ನೇ ಕಟ್ಟಿಕೊಳ್ಳಿ, ನಿಮ್ಮ ಎಂದಿನ ವೇಗದಲ್ಲಿ, ಎಂದಿನ ಊರುಗೋಲಿನೊಂದಿಗೆ 100 ಹೆಜ್ಜೆ ಬಾಯಲ್ಲಿ ಎಣಿಸುತ್ತ ನಡೆಯಿರಿ. ಸಾಧನ 95 ತೋರಿಸಿದರೆ ಸಾಕು. 60 ತೋರಿಸಿದರೆ ಜಾಗ ಬದಲಿಸಿ. ಒಮ್ಮೆ ನಿರ್ಧರಿಸಿದ ಮೇಲೆ ಸಾಧನವನ್ನಾಗಲಿ, ಕಟ್ಟುವ ಬದಿಯನ್ನಾಗಲಿ ನಡುವೆ ಬದಲಿಸಬೇಡಿ.

ಇನ್ನು ಏಳು ದಿನ ಧರಿಸಿ. ಎದ್ದಾಗಿನಿಂದ ಮಲಗುವವರೆಗೆ ಕನಿಷ್ಠ 10 ಗಂಟೆ ಮೈಮೇಲಿದ್ದ ದಿನವನ್ನು ಮಾತ್ರ ಪರಿಗಣಿಸುವುದು ಸಂಶೋಧಕರ ರೂಢಿ. ಅಂಥ ಮೂರು ದಿನಗಳು ಸಿಕ್ಕರೂ ಕೆಲಸ ನಡೆಯುತ್ತದೆ. ಆದರೆ ಎಂಎಸ್‌ನಲ್ಲಿ ಇವತ್ತಿನಂತೆ ನಾಳೆ ಇರುವುದಿಲ್ಲವಾದ್ದರಿಂದ ಪೂರ್ತಿ ವಾರವೇ ಒಳ್ಳೆಯದು. ಮೊದಲ ದಿನ ಹುರುಪಿನಲ್ಲಿ ತುಸು ಹೆಚ್ಚೇ ನಡೆದುಬಿಡಬಹುದು, ಅದಕ್ಕೆ ಮರುಳಾಗಬೇಡಿ.

ಸಂಖ್ಯೆಯ ಪಕ್ಕದಲ್ಲಿ ಎರಡು ಸಾಲಿನ ಟಿಪ್ಪಣಿ ಇರಲಿ: ದಣಿವು ಹತ್ತರಲ್ಲಿ ಎಷ್ಟು, ಸೆಕೆ ಇತ್ತೇ, ನಿದ್ದೆ ಹೇಗಿತ್ತು. ಮೈಯ ಬಿಸಿ ಏರಿದಾಗ ಮೈಲಿನ್ ಎಂಬ ಹೊರಪದರವನ್ನು ಈ ಕಾಯಿಲೆಯಿಂದ ಕಳೆದುಕೊಂಡ ನರಗಳಲ್ಲಿ ಸಂಕೇತ ಇನ್ನಷ್ಟು ಕುಂಟುತ್ತದೆ. 1890ರಲ್ಲಿ ಇದನ್ನು ದಾಖಲಿಸಿದ ಜರ್ಮನಿಯ ನೇತ್ರತಜ್ಞ ವಿಲ್ಹೆಲ್ಮ್ ಉಟ್‌ಹಾಫ್ ಹೆಸರಿನಲ್ಲೇ ಈ ಲಕ್ಷಣವನ್ನು ಕರೆಯುತ್ತಾರೆ. ಟಿಪ್ಪಣಿ ಇಲ್ಲದಿದ್ದರೆ ಸೆಕೆಯಿಂದ ಕುಸಿದ ಎಣಿಕೆಯನ್ನು ರೋಗ ಉಲ್ಬಣಿಸಿದ್ದೆಂದು ತಿಳಿದು ಗಾಬರಿಯಾಗಬಹುದು.

ಈಜು, ಸ್ಥಿರ ಸೈಕಲ್, ಕುಳಿತು ಮಾಡುವ ತೋಳಿನ ವ್ಯಾಯಾಮ ಹೆಜ್ಜೆಯ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟು ನಿಮಿಷ ಎಂದು ಕೈಯಿಂದಲೇ ಬರೆದಿಡಿ. ಗಾಲಿಕುರ್ಚಿ ಬಳಸುವವರಿಗೂ ಹೆಜ್ಜೆಗಿಂತ ನಿಮಿಷಗಳ ಲೆಕ್ಕವೇ ಸರಿ.

ವಾರ ಮುಗಿದ ಮೇಲೆ ಸರಾಸರಿ ತೆಗೆಯಿರಿ. ದಿನಕ್ಕೆ 10,000 ಎಂಬ ಸಂಖ್ಯೆಯನ್ನು ತಲೆಯಿಂದ ತೆಗೆದುಹಾಕಿ. ಅದು 1960ರ ದಶಕದಲ್ಲಿ ಜಪಾನಿನಲ್ಲಿ ಪೆಡೋಮೀಟರ್ ಮಾರಲು ಹುಟ್ಟಿದ ಘೋಷಣೆ. ನೆರೆಯವರ ಎಣಿಕೆಯೂ ಬೇಡ, ಏಕೆಂದರೆ ಅಷ್ಟೇ ದೂರ ನಡೆಯಲು ಎಂಎಸ್ ಇರುವವರ ದೇಹ ಹೆಚ್ಚು ಶಕ್ತಿ ವ್ಯಯಿಸುತ್ತದೆ. ಕೆಲವು ತಿಂಗಳ ನಂತರ ಅದೇ ಸಾಧನದಿಂದ, ಸಾಧ್ಯವಾದಷ್ಟು ಅಂಥದ್ದೇ ಹವೆಯಲ್ಲಿ ಮತ್ತೆ ಅಳೆದು ನಿಮ್ಮದೇ ಹಳೆಯ ಸರಾಸರಿಯೊಂದಿಗೆ ಹೋಲಿಸಿ. ದಿನಕ್ಕೆ ಸುಮಾರು 800 ಹೆಜ್ಜೆಗಳ ಅಂತರವಿದ್ದರೆ ಅದಕ್ಕೆ ಅರ್ಥವಿದೆ ಎನ್ನುತ್ತವೆ ಎಂಎಸ್ ಕುರಿತ ಅಧ್ಯಯನಗಳು. ನೂರಿನ್ನೂರು ಏರಿಳಿದರೆ ಲೆಕ್ಕಿಸಬೇಕಿಲ್ಲ.

ಜ್ವರ ಬಂದ ವಾರವನ್ನು ಈ ಹೋಲಿಕೆಯಿಂದ ಬಿಟ್ಟುಬಿಡಿ. ಜ್ವರ, ಸೋಂಕು ಯಾವುದೂ ಇಲ್ಲದೆ ಹೊಸ ನಿಶ್ಶಕ್ತಿ 24 ಗಂಟೆ ಮೀರಿದರೆ ಮಾತ್ರ ವಾರ ಮುಗಿಯಲೆಂದು ಕಾಯದೆ ಆ ದಿನವೇ ನರರೋಗ ತಜ್ಞರಿಗೆ ಕರೆ ಮಾಡಿ.