ಎಡಿಸನ್‌ನಿಂದ ಸೇಂಟ್ ಅಗಸ್ಟೀನ್‌ಗೆ ಮೋಟರ್‌ಹೋಮಿನಲ್ಲಿ: ಐ-95 ಬಿಟ್ಟು ಬೆಟ್ಟದ ಬದಿಯ ದಾರಿ

ನ್ಯೂಜೆರ್ಸಿಯ ಎಡಿಸನ್‌ನಿಂದ ಫ್ಲಾರಿಡಾದ ಸೇಂಟ್ ಅಗಸ್ಟೀನ್‌ಗೆ ದಾರಿ ಕೇಳಿದರೆ ಫೋನು ಹೇಳುವುದು ಒಂದೇ: ಟರ್ನ್‌ಪೈಕ್ ಎಂಬ ಟೋಲ್ ಹೆದ್ದಾರಿ ಹಿಡಿದು ಐ-95 (ಐ ಅಂದರೆ ಇಂಟರ್‌ಸ್ಟೇಟ್, ಅಂತರರಾಜ್ಯ ಹೆದ್ದಾರಿ) ಸೇರಿ, ಸೀದಾ ದಕ್ಷಿಣಕ್ಕೆ. ಕಾರಿಗೆ ಅದು ಸರಿ. 30 ಅಡಿ ಉದ್ದ, 12 ಅಡಿ ಎತ್ತರದ ಬಾಡಿಗೆ ಮೋಟರ್‌ಹೋಮಿಗೆ (ಮಲಗಲು, ಅಡುಗೆ ಮಾಡಲು ಜಾಗವಿರುವ ಮನೆಗಾಡಿ, ಆರ್‌ವಿ ಅನ್ನುವುದೂ ಇದನ್ನೇ), ಅದರಲ್ಲೂ ಊರಿಂದ ಬಂದ ಅಪ್ಪ ಅಮ್ಮ ಹಿಂದೆ ಕೂತಿರುವಾಗ, ಬಾಲ್ಟಿಮೋರ್, ವಾಷಿಂಗ್ಟನ್, ಫ್ರೆಡರಿಕ್ಸ್‌ಬರ್ಗ್, ರಿಚ್ಮಂಡ್ ಒಂದರ ಬೆನ್ನಿಗೆ ಒಂದು ಬರುವ ಆ ದಾರಿ ಬೇಡ. ನಾನು ಹಿಡಿಯುವುದು ಐ-287, ಐ-78, ಐ-81, ಐ-77, ಐ-26, ಕೊನೆಗೆ ದಕ್ಷಿಣ ಕೆರೊಲೈನಾದಲ್ಲಿ ಐ-95. ನೇರ ದಾರಿ 920 ಮೈಲಿ ಆಸುಪಾಸು, ಇದು 1,045ರ ಹತ್ತಿರ. ಗ್ಯಾಲನ್ನಿಗೆ 9 ಮೈಲಿ ಕೊಡುವ ಗಾಡಿಗೆ ಹೆಚ್ಚುವರಿ 125 ಮೈಲಿ ಅಂದರೆ 14 ಗ್ಯಾಲನ್ ಪೆಟ್ರೋಲು. ಅದರ ಬಹುಪಾಲು ಟೋಲಿನಲ್ಲೇ ವಾಪಸ್ ಬರುತ್ತದೆ: ಈ ಇಡೀ ದಾರಿಯಲ್ಲಿ ಟೋಲ್ ಇರುವುದು ಒಂದೇ ಕಡೆ, ಐ-78 ಡೆಲವೇರ್ ನದಿ ದಾಟುವ ಸೇತುವೆಯಲ್ಲಿ.

ಟ್ರಾಫಿಕ್ಕಿಗಿಂತ ದೊಡ್ಡ ಕಾರಣ ಬಾಲ್ಟಿಮೋರಿನ ಸುರಂಗಗಳು. ಐ-95ರ ಫೋರ್ಟ್ ಮೆಕ್‌ಹೆನ್ರಿ ಸುರಂಗದಲ್ಲೂ ಐ-895ರ ಹಾರ್ಬರ್ ಸುರಂಗದಲ್ಲೂ 10 ಪೌಂಡಿಗಿಂತ ದೊಡ್ಡ ಪ್ರೊಪೇನ್ (ಅಡುಗೆ ಅನಿಲ) ಸಿಲಿಂಡರ್ ಒಯ್ಯುವಂತಿಲ್ಲ. ಮೋಟರ್‌ಹೋಮಿನ ಅಡಿಯಲ್ಲಿ ಕೂರಿಸಿರುವ ಟ್ಯಾಂಕು ಸಾಮಾನ್ಯವಾಗಿ ಇದರ ಹಲವು ಪಟ್ಟು ದೊಡ್ಡದು. ವಾಲ್ವ್ ಮುಚ್ಚಿದ್ದೇನೆ ಅಂದರೆ ನಡೆಯುವುದಿಲ್ಲ. ಮೊದಲು ಇಂಥ ಗಾಡಿಗಳು ಐ-695ರ ಕೀ ಸೇತುವೆಯ ಮೇಲೆ ಹೋಗುತ್ತಿದ್ದವು. 2024ರ ಮಾರ್ಚ್ 26ರಂದು ಹಡಗು ಬಡಿದು ಆ ಸೇತುವೆ ಬಿದ್ದುಹೋಯಿತು. ಈಗ ಉಳಿದಿರುವುದು ಐ-695ರ ಪಶ್ಚಿಮದ ಅರ್ಧ ಮಾತ್ರ. ಅಲ್ಲಿನ ದಟ್ಟಣೆ ಬಾಲ್ಟಿಮೋರಿನವರೇ ಬಲ್ಲರು. ಕಾರಿನ ಮ್ಯಾಪಿಗೆ ಇದ್ಯಾವುದೂ ಗೊತ್ತಿಲ್ಲ. ಅದು ನಿಮ್ಮನ್ನು ಸುರಂಗದ ಬಾಯಿಗೇ ಕರೆದೊಯ್ಯುತ್ತದೆ.

ಆದ್ದರಿಂದ ಮೊದಲ ಕೆಲಸ ಅಳತೆ. ಬಾಡಿಗೆ ಪತ್ರದಲ್ಲಿ ಬರೆದ ಎತ್ತರ ನಂಬಬೇಡಿ. ಚಾವಣಿಯ ಏಸಿ ಪೆಟ್ಟಿಗೆಯ ಮೇಲ್ಭಾಗ, ಆಂಟೆನಾ ಎರಡರಲ್ಲಿ ಯಾವುದು ಎತ್ತರವೋ ಅಲ್ಲಿಂದ ನೆಲಕ್ಕೆ ಟೇಪ್ ಹಿಡಿದು ಅಳೆಯಿರಿ. ಅದಕ್ಕೆ 6 ಇಂಚು ಸೇರಿಸಿ, ದಪ್ಪ ಅಕ್ಷರದಲ್ಲಿ ಬರೆದು ಸ್ಟೀರಿಂಗ್ ಎದುರಿಗೆ ಅಂಟಿಸಿ. 11 ಅಡಿ 9 ಇಂಚು ಬಂದರೆ ಚೀಟಿಯಲ್ಲಿ 12 ಅಡಿ 3 ಇಂಚು ಇರಲಿ. ಪಕ್ಕದಲ್ಲಿ ಕೂತವರಿಗೂ ಆ ಅಂಕಿ ಬಾಯಿಪಾಠವಾಗಿರಬೇಕು. ಉತ್ತರ ಕೆರೊಲೈನಾದ ಡರ್ಹ್ಯಾಮ್‌ನಲ್ಲಿ ಲಾರಿಗಳ ತಲೆ ಕೊಯ್ಯುವುದರಲ್ಲೇ ಹೆಸರಾದ ರೈಲು ಸೇತುವೆ 11 ಅಡಿ 8 ಇಂಚು ಇತ್ತು, 2019ರಲ್ಲಿ ಎತ್ತರಿಸಿ 12 ಅಡಿ 4 ಇಂಚು ಮಾಡಿದರು. ಕ್ಯಾರಿ, ಮೊರಿಸ್‌ವಿಲ್ ಕಡೆಯ ನೆಂಟರನ್ನು ನೋಡಲು ಇದೇ ಗಾಡಿಯಲ್ಲಿ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ.

ಅಳತೆ ಆದ ಮೇಲೆ ನಾನು ನೋಡುವುದು ರಸ್ತೆಯನ್ನಲ್ಲ, ತಂಗುವ ಜಾಗವನ್ನು. ದೊಡ್ಡ ಊರನ್ನು ಪೂರ್ತಿ ತಪ್ಪಿಸಲು ಪ್ರತಿ ಸಲ ಆಗುವುದಿಲ್ಲ. ಆದರೆ ಅದರ ಈಚೆಗೆ 30–40 ಮೈಲಿ ದೂರದಲ್ಲಿ ರಾತ್ರಿ ತಂಗಿ, ಮರುದಿನ ಬೆಳಗ್ಗೆ 9:30ರಿಂದ 11:30ರ ಒಳಗೆ ದಾಟುವುದು ನಮ್ಮ ಕೈಯಲ್ಲಿದೆ. ಸಂಜೆ 4 ಗಂಟೆಗೆ ಷಾರ್ಲಟ್ ಮುಟ್ಟುವ ಯೋಜನೆ ಹಾಕಿದರೆ ಎಂಥ ಒಳ್ಳೆಯ ಬೈಪಾಸೂ ಕಾಪಾಡುವುದಿಲ್ಲ. ದಿನಕ್ಕೆ 300 ಮೈಲಿ, ಮಧ್ಯಾಹ್ನ 3ಕ್ಕೆ ಕ್ಯಾಂಪ್‌ಗ್ರೌಂಡ್ ಎಂಬುದು ಆರ್‌ವಿಯವರ ಹಳೆಯ ಲೆಕ್ಕ, ನನ್ನದೂ ಅದೇ. ಗೂಗಲ್ ತೋರಿಸುವ ಸಮಯಕ್ಕೆ ಐದನೇ ಒಂದು ಪಾಲು ಸೇರಿಸಿ, ಅದರ ಮೇಲೆ ನಿಲ್ಲುವ ಹೊತ್ತು ಹಾಕಿ. 60ರಿಂದ 65 ಮೈಲಿ ವೇಗ ಮೀರಿದರೆ ಗಾಳಿಗೆ ಗಾಡಿ ತೂಗಾಡುತ್ತದೆ, ಪೆಟ್ರೋಲೂ ಸುಮ್ಮನೆ ಸುರಿದುಹೋಗುತ್ತದೆ.

ಈಗ ಒಂದೊಂದೇ ಹಂತ. ಎಡಿಸನ್‌ನಿಂದ ವಾರದ ದಿನ ಹೊರಡುವುದಾದರೆ 9:30ಕ್ಕೆ ಮೊದಲು ಬೇಡ. ಐ-287ರ ಉತ್ತರದ ಕಡೆ ಆಫೀಸಿನ ಗಾಡಿಗಳು ಅಷ್ಟು ಹೊತ್ತಿಗೆ ಕರಗುತ್ತವೆ. ಶನಿವಾರವಾದರೆ 7ಕ್ಕೇ ಹೊರಡಬಹುದು. ಬೆಡ್‌ಮಿನ್‌ಸ್ಟರ್ ಹತ್ತಿರ ಐ-78ಕ್ಕೆ ತಿರುಗಿ ಪಶ್ಚಿಮಕ್ಕೆ. ಅಲೆನ್‌ಟೌನ್ ಸುತ್ತಮುತ್ತ ಗೋದಾಮುಗಳು ತುಂಬಿರುವುದರಿಂದ ಲಾರಿ ಜಾಸ್ತಿ, ಬಲಗಡೆಯ ಲೇನಿನಲ್ಲೇ ಇರಿ. ಜೋನ್ಸ್‌ಟೌನ್ ಹತ್ತಿರ ಐ-78 ಮುಗಿದು ಐ-81 ಸೇರುತ್ತದೆ. ಹ್ಯಾರಿಸ್‌ಬರ್ಗ್ ಊರಿನ ಉತ್ತರದ ಅಂಚಿನಲ್ಲಿ ಸಸ್ಕ್ವಿಹಾನಾ ನದಿ ದಾಟುವ ಸೇತುವೆ ಮಾತ್ರ ಇಲ್ಲಿನ ಗಂಟು. ನಡುಹಗಲಲ್ಲಿ ದಾಟಿದರೆ ಏನೂ ತೊಂದರೆಯಿಲ್ಲ. ಅಲ್ಲಿಂದ ಮುಂದೆ ಮೇರಿಲ್ಯಾಂಡ್ ಒಳಗೆ 12 ಮೈಲಿ, ವೆಸ್ಟ್ ವರ್ಜೀನಿಯಾ ಒಳಗೆ 26 ಮೈಲಿ, ಆಮೇಲೆ ವರ್ಜೀನಿಯಾ. ವಿಂಚೆಸ್ಟರ್‌ನಿಂದ ಸ್ಟ್ರಾಸ್‌ಬರ್ಗ್‌ವರೆಗಿನ ನಡುವೆ ಎಲ್ಲಾದರೂ ಮೊದಲ ರಾತ್ರಿ. 265–280 ಮೈಲಿ ಆಗಿರುತ್ತದೆ.

ಎರಡನೇ ದಿನದ ಐ-81 ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನೋಡಲು ಚೆಂದದ ಕಣಿವೆ, ಆದರೆ ಬಹುಪಾಲು ಒಂದು ಕಡೆಗೆ ಎರಡೇ ಲೇನು, ಏರಿಳಿತ ಬಹಳ, ಲಾರಿಗಳು ಇನ್ನೂ ಬಹಳ. ಒಂದು ಅಪಘಾತವಾದರೆ ಮೈಲಿಗಟ್ಟಲೆ ನಿಂತುಬಿಡುತ್ತದೆ. ಹಾಗಾಗಿ ಹೊರಡುವ ಮುಂಚೆ ಮತ್ತು ಪ್ರತಿ ನಿಲುಗಡೆಯಲ್ಲಿ ರಸ್ತೆಯ ಸ್ಥಿತಿ ತಿಳಿಸುವ ವರ್ಜೀನಿಯಾದ 511 ಸೇವೆ ನೋಡಿ. ಪಕ್ಕದಲ್ಲೇ ಯುಎಸ್ 11 ಎಂಬ ಹಳೆಯ ಹೆದ್ದಾರಿ ಸಾಗುತ್ತದೆ. ಮುಂದೆ ರಸ್ತೆ ಬಂದ್ ಆಗಿದ್ದರೆ ಹಿಂದಿನ ಎಕ್ಸಿಟ್‌ನಲ್ಲೇ ಇಳಿದು ಅದನ್ನು ಹಿಡಿಯಬಹುದು. ಆದರೆ ಅದು ಪ್ರತಿ ಊರಿನ ಮುಖ್ಯಬೀದಿಯಲ್ಲೇ ಹಾಯುತ್ತದೆ, ಎತ್ತರದ ಫಲಕಗಳ ಮೇಲೆ ಕಣ್ಣಿರಲಿ. ಶರತ್ಕಾಲದ ಶನಿವಾರಗಳಲ್ಲಿ ಬ್ಲ್ಯಾಕ್ಸ್‌ಬರ್ಗ್‌ನ ವರ್ಜೀನಿಯಾ ಟೆಕ್‌ನಲ್ಲಿ ಫುಟ್‌ಬಾಲ್ ಇದ್ದರೆ ಕ್ರಿಶ್ಚಿಯನ್ಸ್‌ಬರ್ಗ್ ಸುತ್ತ ಗಾಡಿ ಸಾಗುವುದಿಲ್ಲ. ತಾರೀಖು ಮೊದಲೇ ನೋಡಿಕೊಂಡು ಆ ದಿನ ಬಿಟ್ಟು ಹೊರಡಿ.

ಅಪ್ಪ ಅಮ್ಮನಿಗೆ ಶೆನಂಡೋವಾ ನ್ಯಾಷನಲ್ ಪಾರ್ಕ್ ತೋರಿಸುವ ಆಸೆ ಎಲ್ಲರಿಗೂ ಇರುತ್ತದೆ. ಸ್ಕೈಲೈನ್ ಡ್ರೈವ್‌ನಲ್ಲಿ 32ನೇ ಮೈಲಿಯ ಮೇರೀಸ್ ರಾಕ್ ಸುರಂಗದ ಎತ್ತರ 12 ಅಡಿ 8 ಇಂಚು. ಚೀಟಿಯ ಅಂಕಿ ಅದಕ್ಕಿಂತ ಕಡಿಮೆಯಿದ್ದರೆ ಹೋಗಬಹುದು. ನಾನಂತೂ ಆ ಕಡೆ ಹೋಗುವುದಿಲ್ಲ. ಹ್ಯಾರಿಸನ್‌ಬರ್ಗ್‌ನಲ್ಲಿ ಐ-81 ಬಿಟ್ಟು ಯುಎಸ್ 33ರಲ್ಲಿ ಪೂರ್ವಕ್ಕೆ ಹತ್ತಿದರೆ 65ನೇ ಮೈಲಿಯ ಸ್ವಿಫ್ಟ್ ರನ್ ಗ್ಯಾಪ್ ದ್ವಾರ ಸಿಗುತ್ತದೆ. ಅಲ್ಲಿಂದ ಉತ್ತರಕ್ಕೆ ಪಾರ್ಕಿನ ಬಿಗ್ ಮೆಡೋಸ್ ಹುಲ್ಲುಗಾವಲಿಗೆ 14 ಮೈಲಿ ಅಷ್ಟೆ, ನಡುವೆ ಸುರಂಗವಿಲ್ಲ. ಬಂದ ದಾರಿಯಲ್ಲೇ ವಾಪಸ್. ಅಲ್ಲಿ ವೇಗದ ಮಿತಿ 35 ಮೈಲಿ, ಆದ್ದರಿಂದ ಇದಕ್ಕೆಂದೇ ಒಂದು ದಿನ ಬೇರೆ ಇಡಬೇಕು.

ವೈಥ್‌ವಿಲ್ ಬಳಿ ಐ-77 ದಕ್ಷಿಣಕ್ಕೆ ಹೋಗಲು ಐ-81ರ ಎಕ್ಸಿಟ್ 81ರಲ್ಲಿ ಇಳಿಯಬೇಕು. ಹೊಸಬರು ತಪ್ಪುವುದು ಇಲ್ಲಿಯೇ. ಅದನ್ನು ದಾಟಿ ಮುಂದೆ ಹೋದರೆ ಒಂದೇ ರಸ್ತೆ ಐ-81 ದಕ್ಷಿಣವೂ ಹೌದು, ಐ-77 ಉತ್ತರವೂ ಹೌದು. ಫಲಕದಲ್ಲಿ 77 ಕಂಡಿತೆಂದು ನೆಮ್ಮದಿಯಾಗಿ ಸಾಗಿದರೆ ವೆಸ್ಟ್ ವರ್ಜೀನಿಯಾ ಕಡೆಗೆ ತಿರುಗಿರುತ್ತೀರಿ. ಸರಿಯಾಗಿ ಇಳಿದು 25 ಮೈಲಿ ಹೋಗುವುದರೊಳಗೆ ಫ್ಯಾನ್ಸಿ ಗ್ಯಾಪ್, ಅಲ್ಲಿಂದ ಬ್ಲೂ ರಿಜ್ ಬೆಟ್ಟಸಾಲಿನ ಇಳಿಜಾರು. ಮಂಜು ಇಲ್ಲಿ ಯಾವ ಹೊತ್ತಿಗೂ ಇಳಿದುಬಿಡುತ್ತದೆ. 2013ರ ಮಾರ್ಚ್‌ನಲ್ಲಿ 95 ವಾಹನಗಳು ಒಂದಕ್ಕೊಂದು ಡಿಕ್ಕಿಯಾದದ್ದು ಇಲ್ಲೇ. ಈಗ ವೇಗದ ಮಿತಿಯನ್ನು ಎಲೆಕ್ಟ್ರಾನಿಕ್ ಫಲಕಗಳು ಹೊತ್ತಿಗೆ ತಕ್ಕಂತೆ ಬದಲಿಸುತ್ತವೆ, ಅದನ್ನು ಅಕ್ಷರಶಃ ಪಾಲಿಸಿ. ಇಳಿಯುವ ಮುಂಚೆಯೇ ಗೇರ್ ಲಿವರಿನ ಟೋ-ಹಾಲ್ (ಭಾರ ಎಳೆಯುವಾಗ ಬಳಸುವ) ಗುಂಡಿ ಒತ್ತಿ. ಹಿಂದೆ ಏನೂ ಎಳೆಯದಿದ್ದರೂ ಇದು ಬೇಕು. ಬ್ರೇಕ್ ಒತ್ತಿದಾಗ ಗೇರು ತಾನಾಗಿ ಇಳಿದು ಎಂಜಿನ್ ಗಾಡಿಯನ್ನು ಹಿಡಿಯುತ್ತದೆ, ಸದ್ದು ಜೋರಾದರೆ ಗಾಬರಿ ಬೇಡ. ಕಾಲು ಬ್ರೇಕ್ ಮೇಲೆ ಸದಾ ಇಟ್ಟುಕೊಳ್ಳದೆ, 60ಕ್ಕೆ ಏರಿದಾಗ ಗಟ್ಟಿಯಾಗಿ ಒತ್ತಿ 50ಕ್ಕೆ ಇಳಿಸಿ ಕಾಲು ತೆಗೆಯಿರಿ. ಹಗುರಾಗಿ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾದು, ಸುಟ್ಟ ವಾಸನೆ ಬರುವಷ್ಟರಲ್ಲಿ ಅದರ ಹಿಡಿತ ಅರ್ಧ ಹೋಗಿರುತ್ತದೆ.

ಎರಡನೇ ರಾತ್ರಿ ಸ್ಟೇಟ್ಸ್‌ವಿಲ್ ಸುತ್ತಮುತ್ತ, ಏಕೆಂದರೆ ಮುಂದಿನದು ಷಾರ್ಲಟ್. ಮೂರ್ಸ್‌ವಿಲ್‌ನಿಂದ ಹಂಟರ್ಸ್‌ವಿಲ್‌ವರೆಗೆ, ಲೇಕ್ ನಾರ್ಮನ್ ಪಕ್ಕ, ಟೋಲ್ ಇಲ್ಲದ ಲೇನು ಎರಡೇ. ಬೆಳಗ್ಗೆ 9:15ರ ಮೇಲೆ ಹೊರಟು, ಹಂಟರ್ಸ್‌ವಿಲ್ ದಾಟಿ ಐ-485ರ ಪಶ್ಚಿಮದ ವರ್ತುಲ ಹಿಡಿಯಿರಿ. ವಿಮಾನ ನಿಲ್ದಾಣದ ಆಚೆ ಬದಿಯಿಂದ ಸುತ್ತಿ ಪೈನ್‌ವಿಲ್ ಹತ್ತಿರ ಮತ್ತೆ ಐ-77 ಸೇರಿಸುತ್ತದೆ. ಕೆಲವು ಮೈಲಿ ಸುತ್ತು ನಿಜ, ಆದರೆ ನಡುಊರಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಲೇನ್ ಬದಲಿಸುವ ಕಷ್ಟವಿಲ್ಲ. ಕೊಲಂಬಿಯಾದಲ್ಲಿ ಏನೂ ಮಾಡಬೇಕಾಗಿಲ್ಲ, ಐ-77 ತಾನೇ ಊರಿನ ಪೂರ್ವಕ್ಕೆ ಬಳಸಿ ಐ-26ಕ್ಕೆ ತಂದು ಬಿಡುತ್ತದೆ. ಐ-26ರಲ್ಲಿ 53 ಮೈಲಿ, ಆಮೇಲೆ ಐ-95. ಅದರ 33ನೇ ಎಕ್ಸಿಟ್, ಪಾಯಿಂಟ್ ಸೌತ್ ಸುತ್ತ ಆರ್‌ವಿ ಪಾರ್ಕ್‌ಗಳಿವೆ. ಮೂರನೇ ರಾತ್ರಿಗೆ ಅದೇ ಸಾಕು.

ಈ ದಾರಿಯನ್ನು ಫೋನಿನಲ್ಲಿ ಉಳಿಸಿಕೊಳ್ಳುವುದೇ ಒಂದು ಕೆಲಸ. ಬರೀ ಸೇಂಟ್ ಅಗಸ್ಟೀನ್ ಎಂದು ಹಾಕಿದರೆ ಗೂಗಲ್ ಹೇಗಾದರೂ ಐ-95ಕ್ಕೇ ಎಳೆಯುತ್ತದೆ. ಪ್ರತಿ ದಿನಕ್ಕೂ ಬೇರೆ ದಾರಿ ಮಾಡಿ, ನಡುವೆ ಜೋನ್ಸ್‌ಟೌನ್, ಹೇಗರ್ಸ್‌ಟೌನ್, ಹಿಲ್ಸ್‌ವಿಲ್ ಹೀಗೆ ಹೆದ್ದಾರಿಯ ಪಕ್ಕದ ಪೆಟ್ರೋಲ್ ಬಂಕುಗಳನ್ನೇ ಸ್ಟಾಪ್ ಆಗಿ ಸೇರಿಸಿ. ಹೊರಡುವ ಗಂಟೆ ಹಾಕಿ ನೋಡಿದರೆ ಯಾವ ಊರು ಎಷ್ಟು ಹೊತ್ತಿಗೆ ಎಂಬುದು ತಿಳಿಯುತ್ತದೆ. ಓಡಿಸುವಾಗ ಬೇಗ ಮುಟ್ಟುವ ದಾರಿ ಸಿಕ್ಕಿತು ಎಂದು ಅದು ಕೇಳಿದರೆ ಪಕ್ಕದವರು ಕೂಡಲೇ ಬೇಡ ಅನ್ನಬೇಕು, ಸುಮ್ಮನಿದ್ದರೆ ತಾನೇ ಬದಲಿಸಿಕೊಳ್ಳುವುದುಂಟು. ಎತ್ತರ, ಉದ್ದ, ತೂಕ, ಪ್ರೊಪೇನ್ ಎಲ್ಲ ಕೇಳಿ ದಾರಿ ಹಾಕುವ ಆರ್‌ವಿ ಲೈಫ್‌ನಂಥ ಆ್ಯಪ್‌ಗೆ, ಗಾರ್ಮಿನ್‌ನ ಆರ್‌ವಿ ಜಿಪಿಎಸ್‌ಗೆ ಕೊಟ್ಟ ದುಡ್ಡು ವ್ಯರ್ಥವಲ್ಲ. ಇದರ ಜೊತೆಗೆ ರ್‍ಯಾಂಡ್ ಮೆಕ್‌ನಾಲಿಯ ಲಾರಿ ಚಾಲಕರ ಅಟ್ಲಾಸ್ ಗಾಡಿಯಲ್ಲಿರಲಿ. ತಗ್ಗು ಸೇತುವೆಗಳ ಪಟ್ಟಿ ರಾಜ್ಯವಾರು ಅದರಲ್ಲಿದೆ, ಕಣಿವೆಯಲ್ಲಿ ಸಿಗ್ನಲ್ ಹೋದರೂ ಪುಸ್ತಕ ಇರುತ್ತದೆ.

ಅಂತರರಾಜ್ಯ ಹೆದ್ದಾರಿಯಲ್ಲಿ ಎತ್ತರದ ಚಿಂತೆ ಬಹಳವಿಲ್ಲ. ಪೆಟ್ಟು ಬೀಳುವುದು ಎಕ್ಸಿಟ್‌ನಿಂದ ಕ್ಯಾಂಪ್‌ಗ್ರೌಂಡ್‌ವರೆಗಿನ ಕೊನೆಯ ಐದು ಮೈಲಿಯಲ್ಲಿ. ಅಷ್ಟು ದೂರವನ್ನು ಮನೆಯಲ್ಲೇ ಉಪಗ್ರಹ ಚಿತ್ರದಲ್ಲಿ ನೋಡಿ. ರೈಲು ಹಳಿ ರಸ್ತೆಯ ಮೇಲೆ ಹಾದಿದೆ ಅನ್ನಿಸಿದರೆ ಸ್ಟ್ರೀಟ್ ವ್ಯೂನಲ್ಲಿ ಇಳಿದು ಫಲಕದ ಅಂಕಿ ಓದಿ. ಆಮೇಲೆ ಕ್ಯಾಂಪ್‌ಗ್ರೌಂಡಿಗೆ ಫೋನ್ ಮಾಡಿ, ದೊಡ್ಡ ಗಾಡಿಗಳು ಯಾವ ಕಡೆಯಿಂದ ಬರುತ್ತವೆ ಎಂದು ಕೇಳಿ. ಎರಡು ನಿಮಿಷದ ಆ ಮಾತು ಯಾವ ಆ್ಯಪ್‌ಗಿಂತಲೂ ಮೇಲು.

ಪೆಟ್ರೋಲನ್ನು ಅರ್ಧ ಟ್ಯಾಂಕಿಗೆ ಬಂದಾಗಲೇ ಹಾಕಿಸಿ. 55 ಗ್ಯಾಲನ್ ಟ್ಯಾಂಕು 490 ಮೈಲಿ ಓಡಬಹುದು, ಆದರೆ ಕಾಲು ಟ್ಯಾಂಕಿಗಿಂತ ಕೆಳಗಿಳಿದರೆ ಜನರೇಟರಿಗೆ ಪೆಟ್ರೋಲ್ ಎಟಕುವುದಿಲ್ಲ, ಹಿಂದಿನ ಏಸಿ ನಿಂತುಹೋಗುತ್ತದೆ. ಲಾರಿಗಳಿಗೆಂದೇ ಇರುವ ದೊಡ್ಡ ಬಂಕುಗಳನ್ನೇ ಆರಿಸಿ. ಹಿಂದಿನ ಚಕ್ರದಾಚೆ ಹತ್ತು ಅಡಿ ಚಾಚಿರುವ ಗಾಡಿ ಎಡಕ್ಕೆ ತಿರುಗುವಾಗ ಬಾಲ ಬಲಕ್ಕೆ ಮೂರು ಅಡಿಯವರೆಗೆ ಹೊರಳುತ್ತದೆ. ಪಂಪಿನ ಪಕ್ಕದ ಹಳದಿ ಕಂಬಗಳ ಮೇಲಿನ ಗೀರುಗಳೆಲ್ಲ ಆ ಬಾಲದವೇ. ಗಾಡಿಯ ಬಾಲ ಪೂರ್ತಿ ಕಂಬವನ್ನು ದಾಟುವವರೆಗೆ ನೇರ ಮುಂದೆ ಹೋಗಿ, ಆಮೇಲೆ ಸ್ಟೀರಿಂಗ್ ತಿರುಗಿಸಿ.

ಚಳಿಗಾಲದಲ್ಲಿ ವರ್ಜೀನಿಯಾದ ಬೆಟ್ಟಕ್ಕೆ ಹಿಮದ ಮುನ್ಸೂಚನೆ ಇದ್ದರೆ ಈ ದಾರಿ ಬೇಡವೇ ಬೇಡ. ಒಂದು ದಿನ ಕಾಯಿರಿ, ಇಲ್ಲವೇ ಕರಾವಳಿಯಲ್ಲಿ ಡೆಲವೇರ್ ರೂಟ್ 1, ಯುಎಸ್ 13, 17.6 ಮೈಲಿಯ ಚೆಸಪೀಕ್ ಬೇ ಸೇತುವೆ-ಸುರಂಗ, ಯುಎಸ್ 58 ಹಿಡಿದು ಎಂಪೋರಿಯಾದಲ್ಲಿ ಐ-95 ಸೇರಿ. ಆ ಸೇತುವೆ-ಸುರಂಗದಲ್ಲಿ ಗಾಳಿ ಜೋರಾದರೆ ಎತ್ತರದ ಗಾಡಿಗಳನ್ನು ತಡೆಯುತ್ತಾರೆ, ಪ್ರೊಪೇನಿಗೂ ಅಲ್ಲಿನದೇ ನಿಯಮವಿದೆ. ಹೊರಡುವ ಮುಂಚೆ ಎರಡನ್ನೂ ವಿಚಾರಿಸಿ.

ಕೊನೆಯ ದಿನ ಸುಲಭ. ಸವಾನಾ ಊರು ಪಕ್ಕಕ್ಕೆ ಉಳಿಯುತ್ತದೆ, ಜಾರ್ಜಿಯಾ ರಾಜ್ಯದೊಳಗೆ 112 ಮೈಲಿ. ಜಾಕ್ಸನ್‌ವಿಲ್‌ಗೆ ನಡುಹಗಲಲ್ಲಿ ಬಂದು, ಊರೊಳಗೆ ಹೋಗದೆ ಐ-295ರ ಪೂರ್ವದ ಅರ್ಧ ಹಿಡಿಯಿರಿ. ಡೇಮ್ಸ್ ಪಾಯಿಂಟ್ ಸೇತುವೆ ಎತ್ತರದ್ದು, ಅಡ್ಡಗಾಳಿಗೆ ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಸೇಂಟ್ ಅಗಸ್ಟೀನ್‌ನ ಅನಸ್ತೇಸಿಯಾ ಸ್ಟೇಟ್ ಪಾರ್ಕ್‌ನಲ್ಲಿ ಗಾಡಿ ನಿಲ್ಲಿಸಿ ತಂಗಲು ಜಾಗ ಬೇಕಾದರೆ ಹೊರರಾಜ್ಯದವರು 10 ತಿಂಗಳು ಮೊದಲಿಂದ ಕಾದಿರಿಸಬಹುದು, ಫ್ಲಾರಿಡಾದವರಿಗೆ ಮಾತ್ರ 11 ತಿಂಗಳು. ಅಲ್ಲಿಗೆ ಹೋಗಲು ಐ-95ರ ಎಕ್ಸಿಟ್ 318 ಬೇಡ. ಅದು ಹಳೇ ಊರಿನ ಕಡೆಗೆ ಕರೆದೊಯ್ಯುತ್ತದೆ, ಅಲ್ಲಿನ ಬೀದಿಗಳು ಕಿರಿದು. ಎಕ್ಸಿಟ್ 311ರಲ್ಲಿ ಇಳಿದು ರೂಟ್ 207, ಆಮೇಲೆ ರೂಟ್ 312ರ ಅಗಲವಾದ ಸೇತುವೆ ದಾಟಿ, ಅನಸ್ತೇಸಿಯಾ ದ್ವೀಪದಲ್ಲಿ ಎ1ಎ ರಸ್ತೆಯ ಮೇಲೆ ಉತ್ತರಕ್ಕೆ ತಿರುಗಿದರೆ ಪಾರ್ಕಿನ ದ್ವಾರ ಬಲಗಡೆಗೇ ಸಿಗುತ್ತದೆ.