ಬಳ್ಳಾರಿ ಜಾಲಿ ಕಿತ್ತು ಅಂಜನ ಹುಲ್ಲು ಬೆಳೆಸಿದ್ದು: ನನ್ನ ಅನುಭವ

ಬಳ್ಳಾರಿ ಜಾಲಿ ಎಂಬ ಮುಳ್ಳುಗಿಡ ಹೊಕ್ಕ ನೆಲದಲ್ಲಿ ಮತ್ತೆ ಹುಲ್ಲು ಕಾಣುವ ಆಸೆ ಬಿಡಬೇಕು ಎಂಬ ಮಾತು ನಮ್ಮ ಚಳ್ಳಕೆರೆ ಸೀಮೆಯಲ್ಲಿ ಗಟ್ಟಿಯಾಗಿ ಕೂತಿದೆ. ನನ್ನ ಹನ್ನೆರಡು ಎಕರೆ ಮಸಾರಿ (ಕೆಂಪು ಮಣ್ಣಿನ) ನೆಲ ಈಗ ಬಂದು ನೋಡಿ. ಅಂಜನ ಹುಲ್ಲು ಮೊಣಕಾಲು ಮುಟ್ಟುತ್ತದೆ, ನಡುನಡುವೆ ಸ್ಟೈಲೊ ಎಂಬ ದ್ವಿದಳ ಮೇವು ಹಬ್ಬಿದೆ. ಮೊದಲು "ಆ ಮುಳ್ಳಿಗೆ ದುಡ್ಡು ಸುರೀತಾನೆ" ಎಂದವರೇ ಈಗ ಮೇವಿಗೆ ಮುಂಗಡ ಹಿಡಿದು ಬರುತ್ತಾರೆ. ಹೇಗೆ ಮಾಡಿದೆ ಎಂದು ಫೋನಿನಲ್ಲಿ ಕೇಳುವವರು ಜಾಸ್ತಿಯಾದ್ದರಿಂದ ಒಮ್ಮೆ ಬರೆದುಬಿಡುತ್ತೇನೆ. ಜಾಲಿ, ಹಾರೆ, ಪಿಕಾಸಿ ಪರಿಚಯ ಇದ್ದವರಿಗೆ ಬರೆದದ್ದು ಇದು.

ಮೊದಲು ಕೈಕೊಟ್ಟ ದಾರಿಗಳು. ಹೆಚ್ಚಿನವರ ಹಣ ಅಲ್ಲೇ ಹೋಗುತ್ತದೆ.

ಇದ್ದಿಲು ಸುಡುವ ಗುತ್ತಿಗೆದಾರನೊಬ್ಬ ಬೇಸಿಗೆಯಲ್ಲಿ ಇಡೀ ಹೊಲ ನೆಲಮಟ್ಟಕ್ಕೆ ಕಡಿದು ಕೊಟ್ಟ. ಹೊಲ ಬಯಲಾಯಿತು. ಮುಂಗಾರು ಬಿದ್ದ ಮೇಲೆ ಒಂದು ಕಾಂಡವಿದ್ದ ಬೊಡ್ಡೆಯಿಂದ ಎಂಟು ಹತ್ತು ಕವಲು ಎದ್ದವು. ಎರಡು ವರ್ಷಕ್ಕೆ ಮೊದಲಿಗಿಂತ ದಟ್ಟ, ಕುರಿಯೂ ನುಗ್ಗದಂತೆ. ಆಮೇಲೆ ಜೆಸಿಬಿ. ಗಂಟೆಗೆ ಸಾವಿರದ ನೂರರ ಹಾಗೆ, ದಟ್ಟ ಇದ್ದ ಕಡೆ ಎಕರೆಗೆ ಹತ್ತು ಹನ್ನೆರಡು ಗಂಟೆ ಹಿಡಿಯಿತು. ಬಕೆಟ್ಟು ಎಳೆದಾಗ ಗಿಡ ಕೊರಳಲ್ಲಿ, ಅಂದರೆ ಕಾಂಡ ಮತ್ತು ಬೇರು ಕೂಡುವಲ್ಲಿ, ಮುರಿಯುತ್ತದೆ, ಮೇಲಿನ ಭಾಗ ಬರುತ್ತದೆ, ಮೊಗ್ಗಿರುವ ಭಾಗ ಒಳಗೇ ಉಳಿಯುತ್ತದೆ. ಅದರ ಜೊತೆ ನೆಲ ಕದಡಿ, ವರ್ಷಗಟ್ಟಲೆ ಮಣ್ಣಲ್ಲಿ ಮಲಗಿದ್ದ ಬೀಜವೆಲ್ಲ ಮೇಲೆ ಬಂತು. ಆ ಮಳೆಗೆ ಎದ್ದ ಸಸಿ ನೋಡಿದರೆ ಯಾರೋ ರಾಗಿ ಚೆಲ್ಲಿದ ಹಾಗಿತ್ತು. ಎರಡು ಎಕರೆಗೆ ಇಪ್ಪತ್ತೈದು ಸಾವಿರದ ಹತ್ತಿರ ಹೋಯಿತು, ಅಲ್ಲಿಗೇ ನಿಲ್ಲಿಸಿದೆ.

ಕಳೆನಾಶಕ ಎಲೆಗೆ ಹೊಡೆದರೆ ಎಲೆ ಉದುರುತ್ತದೆ, ಬೋಳಾಗುತ್ತದೆ, ತಿಂಗಳೆರಡು ತಿಂಗಳಲ್ಲಿ ಮತ್ತೆ ಚಿಗುರುತ್ತದೆ. ಆ ಸಣ್ಣ ಎಲೆ ಔಷಧ ಹೀರಿಕೊಳ್ಳುವುದೇ ಕಮ್ಮಿ. ಗ್ಲೈಫೋಸೇಟ್ ಅನ್ನಂತೂ 2022ರಲ್ಲಿ ಕೇಂದ್ರ ಸರ್ಕಾರ ಕೀಟ ನಿಯಂತ್ರಣದ ಪರವಾನಗಿ ಇರುವವರ ಕೈಗೆ ಮಾತ್ರ ಬಿಟ್ಟಿತು, ಅದರ ಮಾತು ಬೇಡ. ಬುಡಕ್ಕೆ ಡೀಸೆಲ್ ಸುರಿದದ್ದು ಹೆಬ್ಬೆರಳು ಗಾತ್ರದ ಗಿಡಕ್ಕೆ ಒಣ ಹಂಗಾಮಿನಲ್ಲಿ ನಾಟಿತು. ತೊಡೆ ದಪ್ಪದ ಬೊಡ್ಡೆಗೆ ಲೀಟರುಗಟ್ಟಲೆ ಹೋದರೂ ಒಂದು ಮಗ್ಗುಲು ಸತ್ತು ಇನ್ನೊಂದು ಮಗ್ಗುಲು ಚಿಗುರಿತು, ಸುತ್ತಲಿನ ಮಣ್ಣಲ್ಲಿ ಹುಲ್ಲೂ ಬರಲಿಲ್ಲ. ಉಪ್ಪು ಹಾಕಿ ಎನ್ನುವವರೂ ಇದ್ದಾರೆ. ಗುಜರಾತಿನ ಬನ್ನಿ ಹುಲ್ಲುಗಾವಲಿನಲ್ಲಿ 1961ರ ಸುಮಾರಿಗೆ ಈ ಗಿಡ ನೆಟ್ಟದ್ದೇ ರಣ್‌ನ ಉಪ್ಪು ನೆಲ ಮುಂದೆ ಬರದಿರಲಿ ಅಂತ. ಉಪ್ಪಲ್ಲೇ ಬದುಕುವ ಗಿಡಕ್ಕೆ ಉಪ್ಪು ಸುರಿದು ಏನು ಪ್ರಯೋಜನ? ಬೆಂಕಿ ಇಟ್ಟರೆ ಆ ವರ್ಷದ ಎಳೆ ಸಸಿ ಸಾಯುತ್ತವೆ, ದೊಡ್ಡವು ಬುಡದಿಂದ ಮತ್ತೆ ಏಳುತ್ತವೆ, ಇದ್ದ ಹುಲ್ಲೂ ಹೋಗುತ್ತದೆ. ಮೇಕೆ ಬಿಟ್ಟರೆ ಕಾಯಿ ಮಾತ್ರ ಆರಿಸಿ ತಿನ್ನುತ್ತದೆ, ಎಲೆಗೆ ಬಾಯಿ ಹಾಕುವುದು ಅಪರೂಪ.

ಕೆಲಸ ಮಾಡಿದ್ದು ಇಷ್ಟು. ಈ ಗಿಡದ ಚಿಗುರುವ ಮೊಗ್ಗೆಲ್ಲ ಕಾಂಡ ಮತ್ತು ಬೇರು ಕೂಡುವ ಕೊರಳಿನ ಸುತ್ತ ಇರುತ್ತವೆ. ಅದರ ಕೆಳಗಿನ ಬೇರು ಚಿಗುರುವುದಿಲ್ಲ. ತಾಯಿಬೇರು ಎಷ್ಟು ಆಳಕ್ಕೆ ಇಳಿದಿದ್ದರೂ ಅದರ ಹಿಂದೆ ಹೋಗುವ ಅಗತ್ಯವಿಲ್ಲ, ಕೊರಳಿನ ಕೆಳಗೆ ಕತ್ತರಿಸಿದರೆ ಮುಗಿಯಿತು. ನನ್ನ ನೆಲದಲ್ಲಿ ಗೇಣುದ್ದಕ್ಕಿಂತ ಸ್ವಲ್ಪ ಕೆಳಗೆ ಅಂದರೆ ಸಾಕಾಯಿತು. ಬದುವಿನ ಪಕ್ಕ, ಹಳ್ಳದ ಮಗ್ಗುಲು, ನೀರು ಹರಿದು ಹೂಳು ಕೂತ ಕಡೆ ಕೊರಳೇ ಹೂತುಹೋಗಿರುತ್ತದೆ, ಅಲ್ಲಿ ಮೊಳದವರೆಗೂ ಇಳಿಯಬೇಕು. ಆಳದ ಬೊಡ್ಡೆಯನ್ನು ಅಗೆಯುವ ಮುನ್ನವೇ ಗುರುತಿಸುವ ಒಂದು ಲಕ್ಷಣ ಇದೆ. ಅದನ್ನು ಬರೆಯುವುದಿಲ್ಲ, ಹೊಲಕ್ಕೆ ಬಂದವರಿಗೆ ಕೈಯಿಟ್ಟು ತೋರಿಸುತ್ತೇನೆ.

ಕಾಲ ಮುಖ್ಯ. ಜನವರಿ, ಫೆಬ್ರುವರಿಯಲ್ಲಿ ಮೇಲಿನದನ್ನು ಕಡಿಸುತ್ತೇನೆ, ಬೇಸಿಗೆಯ ಕಾಯಿ ಮಾಗುವ ಮುನ್ನ. ಆ ವರ್ಷದ ಬೀಜ ಅಷ್ಟರಮಟ್ಟಿಗೆ ನೆಲಕ್ಕೆ ಬೀಳುವುದಿಲ್ಲ. ನೆಲಮಟ್ಟಕ್ಕೆ ಕಡಿಯಲು ಬಿಡುವುದಿಲ್ಲ, ಮೊಣಕಾಲೆತ್ತರ ಬೊಡ್ಡೆ ನಿಲ್ಲಬೇಕು, ಆಮೇಲೆ ಅದೇ ಹಿಡಿಕೆ. ಭರಣಿಯೋ ಕೃತ್ತಿಕೆಯೋ (ಏಪ್ರಿಲ್ ಕೊನೆ, ಮೇ) ಒಂದು ಹದ ಮಳೆ ಬಿದ್ದು ಎರಡು ಮೂರು ದಿನಕ್ಕೆ ಅಗೆತ. ಒಣ ಮಸಾರಿಯಲ್ಲಿ ದಿನಕ್ಕೆ ಹತ್ತು ಬೊಡ್ಡೆ ತೆಗೆಯಲು ಏದುಸಿರು ಬಿಡುತ್ತಿದ್ದ ಜೋಡಿ, ಹದ ನೆಲದಲ್ಲಿ ಇಪ್ಪತ್ತೈದು ಮೂವತ್ತು ತೆಗೆಯಿತು.

ಕೂಲಿ ವಿಷಯದಲ್ಲಿ ದಿನಗೂಲಿ ಬಿಟ್ಟು ಬೊಡ್ಡೆ ಲೆಕ್ಕಕ್ಕೆ ಬಂದದ್ದೇ ದೊಡ್ಡ ತಿರುವು. ಸಣ್ಣದಕ್ಕೆ ಹದಿನೈದು, ದೊಡ್ಡದಕ್ಕೆ ನಲವತ್ತು ರೂಪಾಯಿ. ಆದರೆ ಕಿತ್ತ ಬೊಡ್ಡೆ ಸಾಲಾಗಿ ತಲೆಕೆಳಗು ಇಡಬೇಕು. ಸಂಜೆ ನಾನು ಒಂದೊಂದನ್ನೂ ನೋಡುತ್ತೇನೆ. ಕೊರಳು ಪೂರ್ತಿ ಇದ್ದು, ಕೆಳಗೆ ನುಣ್ಣನೆ ಬೇರು ಕತ್ತರಿಸಿದ ಗುರುತು ಕಂಡರೆ ದುಡ್ಡು. ಸೀಳಿ ಬಂದಿದ್ದರೆ ಅದೇ ಗುಂಡಿಗೆ ವಾಪಸ್ಸು. ಒಂದು ವಾರದಲ್ಲಿ ಕೂಲಿಯವರ ಕೈ ಎಷ್ಟು ಪಳಗಿತೆಂದರೆ ಆಮೇಲೆ ಬೇರೆ ಊರಿನವರೂ ಅವರನ್ನೇ ಕರೆಸಿಕೊಂಡರು. ಅವರ ಕಾಲಿಗೆ ಹಳೆ ಟೈರಿನ ಅಟ್ಟೆಯ ಚಪ್ಪಲಿ ನಾನೇ ಹೊಲಿಸಿಕೊಟ್ಟೆ, ಈ ಮುಳ್ಳು ಮುರಿದು ಒಳಗೆ ಉಳಿದರೆ ಕೀವು ಕಟ್ಟುತ್ತದೆ.

ಹಣದ ಲೆಕ್ಕ ನೆನಪಿನಿಂದ ಹೇಳುತ್ತೇನೆ. ದಟ್ಟ ಎಕರೆಗೆ ಮುನ್ನೂರರ ಆಸುಪಾಸು ಬೊಡ್ಡೆ, ಅಗೆತಕ್ಕೆ ಏಳೆಂಟು ಸಾವಿರ. ಸೌದೆ ಎಕರೆಗೆ ಎಂಟರಿಂದ ಹತ್ತು ಟನ್. ಟನ್ನಿಗೆ ಎರಡೂವರೆ ಸಾವಿರದ ಲೆಕ್ಕದಲ್ಲಿ ಮಾರಿ, ಕಡಿಯುವ ಮತ್ತು ತುಂಬುವ ಕೂಲಿ ಕಳೆದರೂ ಹನ್ನೆರಡು ಹದಿಮೂರು ಸಾವಿರ ಕೈಯಲ್ಲಿ ಉಳಿಯಿತು. ಅಂದರೆ ಜಾಲಿಯೇ ಜಾಲಿ ಕೀಳುವ ಖರ್ಚು ಕೊಟ್ಟಿತು. ಇದ್ದಿಲು ನಾನೇ ಸುಟ್ಟು ನೋಡಿದೆ. ಮಣ್ಣು ಮುಚ್ಚಿದ ಗೂಡಿನಲ್ಲಿ ನಾಲ್ಕೈದು ಟನ್ ಸೌದೆಗೆ ಒಂದು ಟನ್ ಇದ್ದಿಲು, ರಾತ್ರಿಯೆಲ್ಲ ಕಾವಲು, ಹೊಗೆ. ಅನುಭವ ಇಲ್ಲದವರು ಸೌದೆಯಾಗಿಯೇ ಮಾರುವುದು ಲೇಸು. ನಮ್ಮ ರಾಜ್ಯದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿ ಪ್ರೊಸೋಪಿಸ್ (ಜಾಲಿಗೆ ಸಸ್ಯಶಾಸ್ತ್ರದವರು ಇಟ್ಟ ಹೆಸರು) ಇದೆ, ಹಾಗಾಗಿ ಸ್ವಂತ ಪಟ್ಟಾ ಜಮೀನಿನಲ್ಲಿ ತೊಡಕು ಬರಲಿಲ್ಲ. ಗೋಮಾಳ, ಹುಲ್ಲುಕಾವಲು, ಅರಣ್ಯದ ನೆಲಕ್ಕೆ ಇದನ್ನೇ ನೆಪ ಮಾಡಿಕೊಂಡು ಕೈ ಹಾಕಬೇಡಿ.

ಬೊಡ್ಡೆ ಕಿತ್ತರೆ ಅರ್ಧ ಕೆಲಸ. ಉಳಿದರ್ಧ ಸಗಣಿಯಲ್ಲಿದೆ, ಅದನ್ನೇ ಎಲ್ಲರೂ ಬಿಡುತ್ತಾರೆ. ಕಾಯಿ ಸಿಹಿ, ದನ ಮುಗಿಬಿದ್ದು ತಿನ್ನುತ್ತವೆ, ಗಟ್ಟಿ ಬೀಜ ಹೊಟ್ಟೆಯಲ್ಲಿ ಹದವಾಗಿ ಗೊಬ್ಬರದ ಸಮೇತ ಹೊಲಕ್ಕೆ ಬೀಳುತ್ತದೆ. ಹಸುವಿನ ಸಗಣಿ ಮತ್ತು ಕುರಿ ಹಿಕ್ಕೆ ಬೇರೆಬೇರೆ ತಟ್ಟೆಗೆ ಹಾಕಿ ನೀರು ಕೊಟ್ಟು ನೋಡಿದ್ದೇನೆ. ಸಗಣಿ ತಟ್ಟೆಯಲ್ಲಿ ಸಸಿ ಗಿಜಿಗುಟ್ಟಿದವು, ಹಿಕ್ಕೆಯಲ್ಲಿ ಅಲ್ಲೊಂದು ಇಲ್ಲೊಂದು. ಕುರಿ ಚೆನ್ನಾಗಿ ಅಗಿಯುತ್ತದೆ. ಅದಕ್ಕೇ ಸ್ವಚ್ಛ ಮಾಡಿದ ನೆಲಕ್ಕೆ ಮೊದಲ ಎರಡು ವರ್ಷ ಕುರಿ ಮಾತ್ರ ಬಿಟ್ಟೆ. ಹೊರಗೆ ಮೇದು ಬಂದ ದನವನ್ನು ಕಾಯಿಯ ಕಾಲದಲ್ಲಿ ಒಂದು ವಾರ ರೊಪ್ಪದಲ್ಲೇ ಕಟ್ಟಿ ಮೇಯಿಸಿ, ಆಮೇಲೆ ಒಳಗೆ ಬಿಡುತ್ತೇನೆ. ಆ ವಾರದ ಸಗಣಿ ಹೊಲಕ್ಕೆ ಹೋಗದು, ಬೆರಣಿಗೆ ಹೋಗುತ್ತದೆ.

ಕಾಯಿ ಬಗ್ಗೆ ಇನ್ನೊಂದು ಪ್ರಯೋಗ. ಬದುವಿನಾಚೆಯ ಗಿಡಗಳ ಕಾಯನ್ನು ಮಕ್ಕಳಿಂದ ಆರಿಸಿ, ಕೆಜಿಗೆ ಮೂರು ರೂಪಾಯಿ ಕೊಟ್ಟು, ಹಿಟ್ಟು ಮಾಡಿಸಿ ದಾಣಿಗೆ ಬೆರೆಸಿದೆ. ಬೀಸಿದರೆ ಬೀಜ ಸಾಯುತ್ತದೆ, ಮೇವೂ ಆಗುತ್ತದೆ. ತೊಂದರೆ ಒಂದೇ, ಸಕ್ಕರೆ ಅಂಶದಿಂದ ಗಿರಣಿಗೆ ಮೆತ್ತಿಕೊಳ್ಳುತ್ತದೆ. ಮೇ ತಿಂಗಳ ಬಿಸಿಲಲ್ಲಿ ತಗಡಿನ ಮೇಲೆ ಹರಡಿ, ಮುರಿದರೆ ಚಟ್ ಎನ್ನುವಾಗ, ನಡು ಮಧ್ಯಾಹ್ನವೇ ಬೀಸಬೇಕು. ಸಂಜೆಯಾದರೆ ಗಾಳಿಯ ತೇವಕ್ಕೆ ಮತ್ತೆ ಮೆತ್ತಗಾಗುತ್ತದೆ. ದಾಣಿಯಲ್ಲಿ ಐದನೇ ಒಂದು ಪಾಲು ಮೀರಿಸಬೇಡಿ. ಬರೀ ಕಾಯಿ ತಿಂದೇ ಬದುಕುವ ದನಕ್ಕೆ ದವಡೆ, ಹೊಟ್ಟೆ ಎರಡೂ ಕೆಡುತ್ತವೆ.

ಹುಲ್ಲಿನ ಬೀಜಕ್ಕೆ ಧಾರವಾಡದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರಕ್ಕೆ ಹೋಗಿದ್ದೆ. ಅಂಜನ ಎಕರೆಗೆ ಎರಡು ಕೆಜಿ, ಸ್ಟೈಲೊ ಅಷ್ಟೇ. ಅಂಜನದ ಹೊಸ ಬೀಜ ಮೊಳೆಯುವುದಿಲ್ಲ, ಆರೇಳು ತಿಂಗಳು ಇಟ್ಟ ಬೀಜ ಕೇಳಿ. ಸ್ಟೈಲೊ ಬೀಜ ಬಿಸಿನೀರಲ್ಲಿ ಅದ್ದಿ ತೆಗೆಯದಿದ್ದರೆ ಅರ್ಧಕ್ಕರ್ಧ ಮಲಗೇ ಇರುತ್ತದೆ. ಅಂಜನದ ಬೀಜ ಗಾಳಿಗೆ ಹಾರುವ ಹತ್ತಿಯಂಥದ್ದು, ಕೆರೆಮಣ್ಣು ಮತ್ತು ಗೊಬ್ಬರ ಸೇರಿಸಿ ಉಂಡೆ ಕಟ್ಟಿ ರೋಹಿಣಿ ಮಳೆಗೆ (ಮೇ ಕೊನೆ) ಮುಂಚೆ ಚೆಲ್ಲಿದೆ. ಉಂಡೆಗೆ ಸೇರಿಸುವ ಮೂರನೇ ವಸ್ತು ನನ್ನ ಹತ್ತಿರವೇ ಇರಲಿ. ಇರುವೆ ಮುಟ್ಟದ್ದು ಅದರಿಂದ. ಬೊಡ್ಡೆ ಕಿತ್ತ ಗುಂಡಿಗಳನ್ನು ಮುಚ್ಚಲಿಲ್ಲ, ಅವೇ ಮಳೆನೀರು ಹಿಡಿದವು. ಮೊದಲ ವರ್ಷ ಹುಲ್ಲು ನಿಂತದ್ದು ಹೆಚ್ಚಾಗಿ ಆ ಗುಂಡಿಗಳ ಅಂಚಿನಲ್ಲೇ. ನಮ್ಮಲ್ಲಿ ವರ್ಷಕ್ಕೆ ಐನೂರು ಮಿಲಿಮೀಟರ್ ಬಂದರೆ ದೊಡ್ಡದು, ಗುಂಡಿ ಮುಚ್ಚುವುದು ನೀರು ಕಳೆದುಕೊಂಡ ಹಾಗೆ.

ಹೊಲದಲ್ಲಿದ್ದ ಬನ್ನಿ ಮರ, ಕರಿಜಾಲಿ, ಬೋರೆ, ತಂಗಡಿ ಯಾವುದನ್ನೂ ಮುಟ್ಟಿಲ್ಲ. ಬನ್ನಿ ಬಳ್ಳಾರಿ ಜಾಲಿಗೆ ಹತ್ತಿರದ ನಂಟಿನ ಮರವಾದರೂ ಅದರ ಅಡಿಯಲ್ಲಿ ಹುಲ್ಲು ಸೊಗಸಾಗಿ ಬರುತ್ತದೆ. ಕೂಲಿಯವರು ಎಳೆ ಬನ್ನಿಗೂ ಕೈ ಹಾಕುತ್ತಾರೆ, ಮೊದಲೇ ಬಟ್ಟೆ ಕಟ್ಟಿಬಿಡಿ.

ಹುಬ್ಬೆ, ಉತ್ತರೆ ಮಳೆಯಲ್ಲಿ (ಸೆಪ್ಟೆಂಬರ್) ಜಾಲಿ ಸಸಿ ಕೀಳಲು ಮನೆಮಂದಿಯೆಲ್ಲ ಇಳಿಯುತ್ತೇವೆ. ಹದ ನೆಲದಲ್ಲಿ ಬೆರಳುದ್ದದ ಸಸಿ ಎರಡು ಬೆರಳಿಗೆ ಬರುತ್ತದೆ, ಒಂದು ವರ್ಷ ಬಿಟ್ಟರೆ ಪಿಕಾಸಿ ಬೇಕು. ಮೊದಲ ವರ್ಷ ಗೋಣಿಗಟ್ಟಲೆ ಕಿತ್ತೆವು, ನಾಲ್ಕನೇ ವರ್ಷಕ್ಕೆ ಬುಟ್ಟಿಯೂ ತುಂಬಲಿಲ್ಲ. ಮಣ್ಣಿನ ಬೀಜ ಹತ್ತು ವರ್ಷ ಜೀವ ಹಿಡಿದಿರಬಲ್ಲದು, ಹಾಗಾಗಿ ಇನ್ನೂ ಕೆಲವು ವರ್ಷ ಈ ಕೆಲಸ ತಪ್ಪದು. ಒಳ್ಳೆ ಮಳೆಯ ವರ್ಷ ಎಕರೆಗೆ ಒಂದೂವರೆ ಟನ್ ಒಣಹುಲ್ಲು ಕೊಯ್ದಿದ್ದೇನೆ. ಮೊದಲು ಈ ನೆಲದಲ್ಲಿ ಕುಡುಗೋಲಿಗೆ ಕೆಲಸವೇ ಇರಲಿಲ್ಲ.

ಹಳ್ಳದ ದಂಡೆಯ ಜಮೀನಿನವರು ಇದೇ ಲೆಕ್ಕ ಹಿಡಿದು ಹೊರಡಬೇಡಿ. ಪ್ರತಿ ಪ್ರವಾಹಕ್ಕೂ ಮೇಲಿನಿಂದ ಕಾಯಿ ತೇಲಿ ಬರುತ್ತದೆ, ಖರ್ಚು ದುಪ್ಪಟ್ಟಾಗುತ್ತದೆ. ಅಲ್ಲಿ ಮೇಲ್ಗಡೆ ಜಮೀನಿನವರನ್ನು ಮೊದಲು ಒಪ್ಪಿಸಿ, ಮೇಲಿನಿಂದ ಕೆಳಕ್ಕೆ ಕಿತ್ತುಕೊಂಡು ಬನ್ನಿ. ನಮ್ಮ ಪಕ್ಕದ ಇಬ್ಬರು ಈ ಬೇಸಿಗೆಗೆ ಹಾಗೇ ಶುರು ಮಾಡುತ್ತಿದ್ದಾರೆ, ಬೊಡ್ಡೆ ಎಣಿಸಲು ನನ್ನನ್ನೇ ಕರೆದಿದ್ದಾರೆ.